ಡಿಸ್ಕಿನೊಳಗಿನ ಲಗ್ನ

ಕಲಬುರಗಿ ಕೋಟೆಯ ಎದುರಿನ ಓಣಿಯಲ್ಲಿ ರಘೂತ್ತಮನ ಸ್ಟುಡಿಯೋ. ಮದುವೆ, ಮುಂಜಿವೆಗಳ ವಿಡಿಯೋ ತೆಗೆಯುವುದು ಅವನ ಕಸುಬು. ಅಂದು ಬೆಳಿಗ್ಗೆ ಶಟರ್ ಎತ್ತಿ, ರಾಯರ ಪಟಕ್ಕೆ ಊದಿನಕಡ್ಡಿ ಬೆಳಗಿ, ಕಂಪ್ಯೂಟರಿನ ಗುಂಡಿ ಒತ್ತಿದಾಗ ಒಳಗಿನಿಂದ ಒಂದು ಸದ್ದು ಬಂತು. ಕಟ್. ಸ್ವಲ್ಪ ಬಿಟ್ಟು ಮತ್ತೆ, ಕಟ್ ಕಟ್. ಪೆಟ್ಟಿಗೆಯೊಳಗೆ ಯಾರೋ ಮುದುಕಿ ಕೂತು ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದ ಹಾಗಿತ್ತು.

ರಘೂತ್ತಮ ಪೆಟ್ಟಿಗೆಯ ನೆತ್ತಿಗೆ ಮೆಲ್ಲಗೆ ತಟ್ಟಿದ. ಸದ್ದು ನಿಂತಿತು. ಅವನು ಕೈ ತೆಗೆದ. ಅದು ಮತ್ತೆ ಶುರುವಾಯಿತು. ‘ಕಮಲಾಪುರ ಲಗ್ನ’ ಎಂಬ ಹೆಸರಿನ ಫೋಲ್ಡರಿನ ಮೇಲೆ ಒತ್ತಿದರೆ ಅದು ತೆರೆಯುವಷ್ಟರಲ್ಲಿ ಅವನು ಇಡೀ ಚಹಾ ಕುಡಿದು ಮುಗಿಸಿದ್ದ. ಇನ್ನೊಂದು ಚಹಾ ಹೇಳುವ ಧೈರ್ಯ ಬರಲಿಲ್ಲ.

ಕಾರಣ ಇತ್ತು. ಕಮಲಾಪುರದ ಗೋಪಾಲರಾಯರ ಮಗಳು ಮೃದುಲಾಳ ಮದುವೆ ವೈಶಾಖದಲ್ಲಿ ಆಗಿತ್ತು. ಅದರ ಪೂರ್ತಿ ವಿಡಿಯೋ ಇದ್ದದ್ದು ಈ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಕ್ಯಾಮೆರಾದ ಕಾರ್ಡುಗಳನ್ನು ಅವನು ಆಗಲೇ ಅಳಿಸಿ, ಇನ್ನೆರಡು ಮದುವೆಗಳಿಗೆ ಬಳಸಿ ಮುಗಿಸಿದ್ದ. ಈಗ ಅಧಿಕ ಮಾಸ. ಹೊಸ ಅಳಿಯನನ್ನು ಕರೆಸಿ ಅಕ್ಕಿ ಬೆಲ್ಲದ ತಿಂಡಿ ಅನಾರಸದ ಬಾಗಿನ ಕೊಡುವುದಕ್ಕೆ ಗೋಪಾಲರಾಯರ ಮನೆಯಲ್ಲಿ ಇವತ್ತೇ ದಿನ ಗೊತ್ತಾಗಿತ್ತು. ಬೀಗರೆಲ್ಲ ಅಲ್ಲಿಗೆ ಬಂದು ಕೂತಿದ್ದರು. ಸಂಜೆ ಎಲ್ಲರೂ ಕೂಡಿ ದೊಡ್ಡ ಟಿವಿಯಲ್ಲಿ ಮದುವೆ ನೋಡುವುದು, ರಘೂತ್ತಮನೇ ಖುದ್ದಾಗಿ ಒಯ್ದು ತೋರಿಸುವುದು ಎಂದು ಮಾತಾಗಿತ್ತು.

ಈ ಕಸುಬಿನಲ್ಲಿ ಒಂದು ಮದುವೆ ಕಳೆದುಕೊಂಡವನ ಗತಿ ಏನೆಂದು ರಘೂತ್ತಮನಿಗೆ ಗೊತ್ತಿತ್ತು. ಹಾಗೆ ಕಳೆದುಕೊಂಡ ಒಬ್ಬ ಸ್ಟುಡಿಯೋದವನು ಈಗ ಬಸ್ ಸ್ಟ್ಯಾಂಡಿನ ಬದಿಯಲ್ಲಿ ಎಳನೀರು ಮಾರುತ್ತಿದ್ದ. ಎಳನೀರು ಕುಡಿಯುವವರು ಕೂಡ ‘ಇವನೇ ನೋಡ್ರಿ ಅಂವ’ ಎಂದು ಪಕ್ಕದವರಿಗೆ ತೋರಿಸಿಯೇ ಕುಡಿಯುತ್ತಿದ್ದರು.

ಫೋನು ಬಾರಿಸಿತು. ಗೋಪಾಲರಾಯರ ತಾಯಿ ಅನಸೂಯಾಬಾಯಿ. ಆ ಮನೆಯಲ್ಲಿ ಗಡಿಯಾರಕ್ಕೆ ಕೀಲಿ ಕೊಡುವುದರಿಂದ ಹಿಡಿದು ಗಂಡಸರಿಗೆ ಬುದ್ಧಿ ಹೇಳುವತನಕ ಎಲ್ಲವೂ ಆಕೆಯದೇ. ಒಂದು ತುಣುಕೂ ಕತ್ತರಿಸಬಾರದು, ಹಿಡಿದದ್ದೆಲ್ಲ ಹಾಗೆಯೇ ಬೇಕು ಎಂದು ಕಟ್ಟಪ್ಪಣೆ ಮಾಡಿದವಳೂ ಆಕೆಯೇ.

“ರಘೂ, ಹೊಂಟ್ಯೇನೋ?”

“ಇನ್ನೇನು ಹೊಂಟೇಬಿಟ್ಟೆ ಅಜ್ಜಿ.”

“ಅದೇನೋ ಅದು, ಕಟ್ ಕಟ್ ಅಂತ ಕೇಳಸ್ತದ?”

“ಬಾಜೂ ಮನ್ಯಾಗ ಅಡಿಕಿ ಕತ್ತರಿಸ್ಲಿಕ್ಕತ್ತಾರ್ರಿ” ಎಂದು ಹೇಳಿ ರಘೂತ್ತಮ ಫೋನಿಟ್ಟ.

ಬಾಜೂ ಅಂಗಡಿಯಲ್ಲಿ ಅಡಿಕೆ ಇರಲಿಲ್ಲ, ಬುರ್ಹಾನುದ್ದೀನ್ ಇದ್ದ. ಶೇರ್ವಾನಿ, ಕೋಟು ಹೊಲಿಯುವ ಟೇಲರ್. ಸದ್ದು ಕೇಳಿ ಕೊರಳಿಗೆ ಟೇಪು ಹಾಕಿಕೊಂಡೇ ಒಳಗೆ ಬಂದ.

“ರಘುಭಾಯ್, ಏನ್ರೀ ಆವಾಜ್? ನನ್ ಮಷಿನ್‌ಕಿಂತ ಜ್ಯಾಸ್ತಿ ಬಡ್ಯಾಕತ್ತದ.”

“ಚಾಚಾ, ಡಿಸ್ಕ್ ಹೋಗ್ಲಿಕ್ಕತ್ತದ್ರಿ. ಒಳಗ ಕಮಲಾಪುರದವ್ರ ಲಗ್ನ ಅದ.”

“ಎಣ್ಣಿ ಬಿಡ್ರಿ. ನಾಕು ಹನಿ ಬಿಟ್ರ ಎಂಥಾ ಮಷಿನ್ನೂ ಸುಮ್ನಾಗ್ತದ.”

ಅವನ ಬೆನ್ನ ಹಿಂದೆಯೇ ಇನ್ನೊಬ್ಬರು ಬಂದರು. ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ವಿವೇಕಾನಂದ. ಕೋಟಿನ ಅಳತೆ ನೋಡಿಸಲು ಬಂದವರು, ಒಂದೇ ತೋಳು ಹೊಲಿದ ಕೋಟು ತೊಟ್ಟುಕೊಂಡೇ ಓಡಿಬಂದಿದ್ದರು. ಮೈಮೇಲೆಲ್ಲ ಸೀಮೆಸುಣ್ಣದ ಗೆರೆಗಳು. ಪೆಟ್ಟಿಗೆಗೆ ಕಿವಿ ಕೊಟ್ಟು, ನಾಡಿ ನೋಡಿದ ವೈದ್ಯರ ಹಾಗೆ ತಲೆಯಾಡಿಸಿದರು.

“ಬಂದ್ ಮಾಡಬ್ಯಾಡ್ರಿ. ಬಂದ್ ಮಾಡಿದ್ರ ಮತ್ತ ಏಳಂಗಿಲ್ಲ.”

“ಚಾಲೂನೇ ಇಡ್ಲೇನ್ರಿ?”

“ಚಾಲೂ ಇಟ್ರ ಸವದು ಹೋಗ್ತದ.”

ರಘೂತ್ತಮ ಕುರ್ಚಿಯಿಂದ ಎದ್ದು ಮತ್ತೆ ಕೂತ. “ಹಂಗಾರ ಏನ್ ಮಾಡ್ಲಿ ಸರ್?”

“ಎಸ್‌ಎಸ್‌ಡಿ ತರ್ರಿ. ಇದ್ರಾಗಿಂದು ಅದಕ್ಕ ಹಾಕ್ಕೊಂಬಿಡ್ರಿ. ಈ ಹಳೇದ್ರಾಗ ಒಂದು ತಟ್ಟಿ ತಿರಗ್ತದ, ಅದಕ್ಕ ಹಿಂಗ ಕೆಡ್ತದ. ಎಸ್‌ಎಸ್‌ಡಿ ಒಳಗ ತಿರಗೂದೇ ಏನೂ ಇಲ್ಲ.”

“ತಿರಗೂದೇ ಇಲ್ಲಂದ್ರ ಅದೆಂಥಾ ಮಷಿನ್?” ಬುರ್ಹಾನುದ್ದೀನನಿಗೆ ನಂಬಿಕೆ ಬರಲಿಲ್ಲ.

“ಅದ್ರಾಗ ಎರಡು ಜಾತಿ” ಎಂದರು ವಿವೇಕಾನಂದ, ತೋಳಿಲ್ಲದ ಕೈಯನ್ನು ಎತ್ತಿ. “ಸಾಟಾ ಅಂತ ಒಂದು, ಅದು ಹಳೇ ಥರದ್ದು. ಎನ್‌ವಿಎಂಇ ಅಂತ ಇನ್ನೊಂದು. ಸಾಟಾ ಅಂದ್ರ ಎಕ್ಕಾಗಾಡಿ, ಎನ್‌ವಿಎಂಇ ಅಂದ್ರ ವಂದೇ ಭಾರತ್. ಕಣ್ಣು ಮುಚ್ಚಿ ಎನ್‌ವಿಎಂಇ ತರ್ರಿ.”

ರಘೂತ್ತಮನಿಗೆ ಬದನೆಕಾಯಿ ಆರಿಸುವುದಕ್ಕೇ ಅರ್ಧ ತಾಸು ಬೇಕು. ಅವನ ಹೆಂಡತಿ ಮಂಜುಷಾ ಈ ಕಾರಣಕ್ಕೇ ಅವನನ್ನು ಸಂತೆಗೆ ಕಳಿಸುವುದನ್ನು ಬಿಟ್ಟಿದ್ದಳು. ಅಂಥವನು ಕಣ್ಣು ಮುಚ್ಚಿ ಸ್ಕೂಟರ್ ಹತ್ತಿದ.

ಸೂಪರ್ ಮಾರ್ಕೆಟ್ಟಿನಲ್ಲಿ ಸಿಕಂದರನ ಕಂಪ್ಯೂಟರ್ ಅಂಗಡಿ. ಗಾಜಿನ ಕಪಾಟಿನಲ್ಲಿ ಎಸ್‌ಎಸ್‌ಡಿಗಳು ಸಾಲಾಗಿ ಕೂತಿದ್ದವು. ಕೆಲವು ಬಬಲ್‌ಗಮ್ಮಿನ ಪಟ್ಟಿಯಷ್ಟು ತೆಳ್ಳಗೆ, ಕೆಲವು ಬೆಂಕಿಪೊಟ್ಟಣವನ್ನು ಚಪ್ಪಟೆ ಮಾಡಿದ ಹಾಗೆ. ಒಂದೊಂದರ ಡಬ್ಬಿಯ ಮೇಲೂ ಓಡುವ ಚಿರತೆ, ಹಾರುವ ರಾಕೆಟ್ಟು.

“ಯಾವ್ದು ಕೊಡ್ಲಿ ರಘುಭಾಯ್? ನಿಮ್ಮ ಮದರ್‌ಬೋರ್ಡ್ ಯಾವ್ದದ?” ಎಂದ ಸಿಕಂದರ್.

ರಘೂತ್ತಮನಿಗೆ ಗೊತ್ತಿರಲಿಲ್ಲ. ಬುರ್ಹಾನುದ್ದೀನನಿಗೆ ಫೋನ್ ಹಚ್ಚಿ, ಪೆಟ್ಟಿಗೆಯ ಮೇಲೆ ಏನು ಬರೆದಿದೆ ಓದಿ ಹೇಳಿರಿ ಎಂದ. ಬುರ್ಹಾನುದ್ದೀನ್ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಓದಿದ. ಸಿಕಂದರ್ ಗಂಭೀರವಾಗಿ ಕೇಳಿಸಿಕೊಂಡ.

“ಅದು ಸ್ಟೆಬಿಲೈಜರ್‌ದು ಹೆಸರು ರೀ.”

ಮತ್ತೆ ಫೋನ್. ಈ ಸಲ ಬುರ್ಹಾನುದ್ದೀನ್ ಓದಿದ್ದು ರಘೂತ್ತಮನೇ ಪೆಟ್ಟಿಗೆಗೆ ಅಂಟಿಸಿದ್ದ ಕರೆಂಟ್ ಬಿಲ್ಲು. ಫೋನಿನ ಹಿನ್ನೆಲೆಯಲ್ಲಿ ಕಟ್ ಕಟ್ ಜೋರಾಗಿದ್ದು ಕೇಳಿ ರಘೂತ್ತಮ ಅವಸರದಿಂದ ಫೋನಿಟ್ಟ. “ಇರ್ಲಿ, ಎನ್‌ವಿಎಂಇ ಕೊಟ್ಟುಬಿಡ್ರಿ” ಎಂದ. ಸಿಕಂದರ್ ತೆಳ್ಳಗಿನ ಪಟ್ಟಿಯೊಂದನ್ನು ಕೊಟ್ಟ. “ಪ್ಯಾಕೆಟ್ ಒಡದ್ರ ವಾಪಸ್ ಇಲ್ಲ, ಮೊದ್ಲೇ ಹೇಳ್ತೀನಿ” ಎಂದೂ ಹೇಳಿದ.

ಸ್ಟುಡಿಯೋಕ್ಕೆ ಬಂದು ಪ್ಯಾಕೆಟ್ ಒಡೆದು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದರು. ಮೂವರೂ ಒಳಗೆ ಇಣುಕಿದರು. ಧೂಳು ಇತ್ತು, ಜೇಡರ ಬಲೆ ಇತ್ತು, ಎಂದೋ ಕಳೆದುಹೋಗಿದ್ದ ಒಂದು ಪೆನ್ನಿನ ಟೋಪಿಯೂ ಇತ್ತು. ಪಟ್ಟಿ ಕೂಡಿಸುವ ಸಂದು ಮಾತ್ರ ಎಲ್ಲೂ ಇರಲಿಲ್ಲ.

ವಿವೇಕಾನಂದ ಬಹಳ ಹೊತ್ತು ಹುಡುಕಿ ತಲೆಯೆತ್ತಿದರು. “ನಿಮ್ಮ ಬೋರ್ಡು ಹಳೇದಾತ್ರಿ. ಇದಕ್ಕ ಎನ್‌ವಿಎಂಇ ಕೂಡಂಗಿಲ್ಲ.”

“ನೀವೇ ಹೇಳಿದ್ರಲ್ಲ ಸರ್, ಕಣ್ಣು ಮುಚ್ಚಿ ತರ್ರಿ ಅಂತ!”

“ತರೂದು ಕಣ್ಣು ಮುಚ್ಚಿ. ಬೋರ್ಡಾದ್ರೂ ಕಣ್ಣು ತಗದು ನೋಡಬೇಕಿಲ್ಲೇನ್ರಿ?”

ರಘೂತ್ತಮ ಆ ಪಟ್ಟಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಛತ್ರ ಸಿಗದೆ ಬೀದಿಯಲ್ಲಿ ನಿಂತ ದಿಬ್ಬಣದ ಹಾಗೆ ಕಂಡಿತು ಅದು. ಅಷ್ಟರಲ್ಲಿ ಫೋನು. “ರಘೂ, ಎಲ್ಲಿತನಕ ಬಂದ್ಯೋ?” “ದಾರ್ಯಾಗಿದೀನಿ ಅಜ್ಜಿ” ಎಂದ. ಅದು ಪೂರ್ತಿ ಸುಳ್ಳಲ್ಲ, ಆಗಲೇ ಮತ್ತೆ ಸ್ಕೂಟರ್ ಹತ್ತಿದ್ದ.

ಸಿಕಂದರ್ ಒಡೆದ ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ವಾಪಸು ಕೊಟ್ಟ. ಅದನ್ನು ಹೊರಗಿನಿಂದ ಜೋಡಿಸುವ ಡಬ್ಬಿ ಇದೆಯಂತೆ, ಆದರೆ ದಾಸ್ತಾನು ಮುಗಿದಿದೆಯಂತೆ, ಹೈದರಾಬಾದಿನಿಂದ ನಾಳೆ ಬರುತ್ತದಂತೆ. “ಸಾಟಾ ತೊಗೋರಿ. ಅದರ ಕೇಬಲ್ ಅದ ನನ್ ಹತ್ರ. ಬಂದ್ ಮಾಡೂ ಗರಜೇ ಇಲ್ಲ, ಹೊರಗಿಂದ ಚುಚ್ಚಿದ್ರ ಆತು. ಜೇಬಿನಾಗ ಹಾಕ್ಕೊಂಡು ಕಮಲಾಪುರಕ್ಕೂ ಒಯ್ಯಬಹುದು.”

ರಘೂತ್ತಮನಿಗೆ ಜೀವ ಬಂದ ಹಾಗಾಯಿತು. ಆದರೆ ಸಾಟಾದಲ್ಲೂ ನಾಲ್ಕಾರು ಕಂಪನಿ, ಚಿಕ್ಕದು, ನಡುವಿನದು, ದೊಡ್ಡದು. ಅವನ ಕೈ ಒಂದರ ಮೇಲೆ ಹೋಗಿ, ಇನ್ನೊಂದರ ಮೇಲೆ ಬಂದು, ನಡುವೆ ನಿಂತಿತು.

“ಅದು ಬ್ಯಾಡ್ರಿ” ಎಂದಿತು ಒಂದು ದನಿ. ಪ್ರಿಂಟರಿನ ಶಾಯಿ ಕೊಳ್ಳಲು ಬಂದಿದ್ದ ಶಾಲೆಯ ಟೀಚರ್, ಮುನೀರಾ. “ನಮ್ ಭಾಯಿ ಅದನ್ನ ತಂದು ಹಾಕ್ದ. ಚಂದ ನಡೀತಿತ್ತು. ಒಂದು ದಿನ ಮುಂಜಾನೆ ನೋಡ್ತಾನ, ಖಾಲಿ! ಸದ್ದಿಲ್ಲ, ಗದ್ಲಿಲ್ಲ. ನಿಮ್ದು ಹಳೇದು ಸಾಯೂ ಮುಂದ ಹೇಳೇ ಸಾಯ್ತದ. ಇದು ಹೇಳಂಗೇ ಇಲ್ಲ.”

ರಘೂತ್ತಮ ಸುಟ್ಟುಕೊಂಡವನ ಹಾಗೆ ಕೈ ಹಿಂದೆ ತೆಗೆದ. “ಹಂಗಾರ ಇದು?”

“ಇದರದ್ದು ನಕಲಿ ಭಾಳ ಬಂದಾವಂತ.”

“ಟೀಚರಮ್ಮ, ನನ್ ದುಕಾನ್‌ನಾಗ ನಕಲಿ ಇಲ್ಲ” ಎಂದು ಸಿಕಂದರ್ ಮುಖ ಉಬ್ಬಿಸಿದ. ಆಮೇಲೆ ಎಳೆಯ ಮಗುವಿಗೆ ಹೇಳುವ ಹಾಗೆ ರಘೂತ್ತಮನಿಗೆ ಹೇಳಿದ. “ನೋಡ್ರಿ, ವಾರಂಟಿ ಜ್ಯಾಸ್ತಿ ಇದ್ದದ್ದು ತೊಗೋರಿ. ಸೈಜು ನಿಮ್ ಲಗ್ನ ಹಿಡಿಯೂವಷ್ಟು. ಮುಗೀತು.”

ಅಷ್ಟು ಸರಳವಾಗಿ ಮುಗಿಯುವ ಮಾತನ್ನು ರಘೂತ್ತಮ ನಂಬುವವನಲ್ಲ. ವಿವೇಕಾನಂದರಿಗೆ ಫೋನ್ ಮಾಡಿದ. ಅವರು, ಒಳಗೆ ಕ್ಯಾಶ್ ಮೆಮೊರಿ ಇದೆಯೋ ಇಲ್ಲವೋ ಕೇಳಿರಿ ಎಂದರು. ಬುರ್ಹಾನುದ್ದೀನ್ ಫೋನ್ ಕಸಿದುಕೊಂಡು, “ದೊಡ್ಡದು ತೊಗೋರಿ ಭಾಯ್! ಬಟ್ಟಿ ಆಗ್ಲಿ, ಡಿಸ್ಕ್ ಆಗ್ಲಿ, ಮಾರ್ಜಿನ್ ಬಿಡಬೇಕು. ಲಗ್ನ ಆಮ್ಯಾಲೆ ದಪ್ಪಾಗ್ತದ!” ಎಂದ. ಮಂಜುಷಾಳಿಗೆ ಮಾಡಿದ. ಅವಳು, “ಬದನೀಕಾಯಿ ಆರಿಸಿದಂಗ ಮಾಡಬ್ಯಾಡ್ರಿ, ಮೊದ್ಲ ಬಸ್ ಹಿಡೀರಿ” ಎಂದಳು. ಅವಳ ಮಾತಿಗೇ ಧೈರ್ಯ ಬಂತೋ, ಎಳನೀರಿನವನ ನೆನಪೇ ಬಂತೋ, ವಾರಂಟಿ ಜಾಸ್ತಿ ಇದ್ದ ದೊಡ್ಡದನ್ನೇ ಎತ್ತಿಕೊಂಡು ಓಡಿದ. ಬಾಗಿಲ ತನಕ ಮುನೀರಾ ಟೀಚರ್ ಅವನನ್ನು ಅಯ್ಯೋ ಪಾಪ ಎಂಬಂತೆ ನೋಡುತ್ತಲೇ ಇದ್ದಳು.

ಕೇಬಲ್ ಚುಚ್ಚಿದಾಗ ಎಸ್‌ಎಸ್‌ಡಿ ಕಡೆಯ ತುದಿಯಲ್ಲಿ ಸಣ್ಣ ನೀಲಿ ದೀಪ ಹತ್ತಿತು. ಕಮಲಾಪುರದ ಲಗ್ನ ಹಳೆಯದರಿಂದ ಹೊಸದಕ್ಕೆ ಹರಿಯತೊಡಗಿತು. ಇನ್ನೆಷ್ಟು ಹೊತ್ತು ಎಂದು ಕಂಪ್ಯೂಟರ್ ತಾನೇ ತೋರಿಸುತ್ತಿತ್ತು. ಮೊದಲು ಒಂದು ತಾಸು ಎಂದಿತು. ಹಳೆಯ ಡಿಸ್ಕ್ ಕಟ್ ಎಂದಿತು, ಆರು ದಿನ ಎಂದು ತೋರಿಸಿತು. ರಘೂತ್ತಮ ವಾಯುಸ್ತುತಿ ಹೇಳಿಕೊಳ್ಳಲು ಶುರುಮಾಡಿದ. ಬುರ್ಹಾನುದ್ದೀನ್ ತನಗೆ ಬಂದ ದುವಾ ಓದಿದ. ಯಾವುದು ನಾಟಿತೋ, ಮತ್ತೆ ಒಂದು ತಾಸಿಗೆ ಇಳಿಯಿತು.

ಅಷ್ಟರಲ್ಲಿ ಅನಸೂಯಾಬಾಯಿಯ ಫೋನು. ಈ ಸಲ ದನಿ ಗಡಸಾಗಿತ್ತು.

“ರಘೂ, ನೀ ಇನ್ನೂ ಕಲಬುರಗ್ಯಾಗ ಇದ್ದೀ. ಅಡಿಕಿ ಕತ್ತರಿಸೂದು ಇನ್ನೂ ಕೇಳಸ್ಲಿಕ್ಕತ್ತದ. ಎಲ್ಲಾ ಸರಿ ಅದನೋ ಇಲ್ಲೋ? ಇಲ್ಲಿ ಸ್ಪೀಕರ್ ಹಾಕೀನಿ, ಬೀಗ್ರೂ ಕೇಳ್ಲಿಕ್ಕತ್ತಾರ, ಖರೇ ಹೇಳು.”

ಬೀಗರೂ ಕೇಳುತ್ತಿದ್ದಾರೆ ಎಂದ ಕೂಡಲೇ ರಘೂತ್ತಮ ಎದ್ದು ನಿಂತ. ಎಲ್ಲರನ್ನೂ ಒಂದೇ ಏಟಿಗೆ ಸಮಾಧಾನ ಮಾಡಬೇಕೆಂದು ಕೇಳದ್ದನ್ನೂ ಹೇಳಿಬಿಟ್ಟ.

“ಅಜ್ಜಿ, ಏನೂ ಕಾಳಜಿ ಮಾಡಬ್ಯಾಡ್ರಿ. ಒಂದೂ ಬಿಟ್ಟಿಲ್ಲ. ನಾ ಹಿಡದದ್ದಷ್ಟೇ ಅಲ್ಲ, ಊಟದ ಹಾಲಿನಾಗ ಕಂಬದ ಹತ್ರ ಸ್ಟ್ಯಾಂಡಿನ ಮ್ಯಾಲೆ ಇನ್ನೊಂದು ಕ್ಯಾಮೆರಾ ಇಟ್ಟು ಬಿಟ್ಟಿದ್ದೆ. ಅದು ಅದರ ಪಾಡಿಗೆ ಎಲ್ಲಾ ಹಿಡದದ. ಯಾರು ಏನು ಮಾತಾಡಿದ್ರು, ಅದೂ ಸ್ಪಷ್ಟ ಕೇಳಸ್ತದ್ರಿ!”

ಆ ಕಡೆಯಿಂದ ಹೆಂಗಸೊಬ್ಬಳ ಸಂಭ್ರಮದ ದನಿ, “ಅಯ್ಯ, ಹಂಗಾರ ಮೊದ್ಲ ಊಟದ್ದೇ ಹಾಕಸೋಣ!” ಎಂದಿತು. ಅನಸೂಯಾಬಾಯಿಯ ದನಿ ಮಾತ್ರ ತೆಳ್ಳಗಾಗಿತ್ತು.

“ಯಾವ ಕಂಬ ಅಂದಿ?”

“ಎಲಿ ಅಡಿಕಿ ತಬಕ ಇಟ್ಟಿದ್ರಲ್ಲ, ಅದ ಕಂಬ ರೀ.”

ಫೋನು ಕಟ್ಟಾಯಿತು. ಕಮಲಾಪುರದಲ್ಲಿ ನೆಟ್‌ವರ್ಕ್ ಹಾಗೆಯೇ ಎಂದುಕೊಂಡ ರಘೂತ್ತಮ. ಆದರೆ ಆಮೇಲೆ ಆಕೆಯ ಫೋನೇ ಬರಲಿಲ್ಲ. ಬೆಳಗಿನಿಂದ ಬಾರಿಸಿದ್ದಕ್ಕೆ ಬೇಸತ್ತಿದ್ದವನಿಗೆ ಈಗ ಬಾರಿಸದಿರುವುದು ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು. ಫೋನ್ ಕೆಟ್ಟಿದೆಯೇನೋ ಎಂದು ಎರಡು ಸಲ ಬುರ್ಹಾನುದ್ದೀನನ ಫೋನಿನಿಂದ ತನ್ನ ನಂಬರಿಗೇ ಮಾಡಿ ನೋಡಿದ.

ಕೊನೆಗೂ ನಕಲು ಮುಗಿಯಿತು. ಎಸ್‌ಎಸ್‌ಡಿಯಿಂದಲೇ ಒಂದು ತುಣುಕು ಹಚ್ಚಿ ನೋಡಿದ. ಅಂತರಪಟ ಸರಿಯಿತು, ಮೃದುಲಾ ನಾಚಿದಳು, ಅಕ್ಷತೆ ಬಿದ್ದವು. ಒಂದು ಕಾಳೂ ಕಮ್ಮಿಯಿರಲಿಲ್ಲ. ರಘೂತ್ತಮನ ಕಣ್ಣಲ್ಲಿ ನೀರು ಬಂತು. ಮೃದುಲಾಳ ಸ್ವಂತ ತಂದೆ ಕೂಡ ಧಾರೆಯ ಹೊತ್ತಿನಲ್ಲಿ ಅಷ್ಟು ಅತ್ತಿರಲಿಲ್ಲ.

“ಚಾಚಾ, ನಾ ಬರೋತನಕ ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ. ಬೇರೇವ್ರ ಲಗ್ನ ಇನ್ನೂ ಹಳೇ ಡಿಸ್ಕಿನಾಗೇ ಅದಾವ. ಸ್ವಲ್ಪ ಲಕ್ಷ್ಯ ಇಡ್ರಿ.”

“ಬೇಫಿಕರ್ ಹೋಗ್ರಿ. ಕುರ್ಚಿ ಹಾಕ್ಕೊಂಡು ಇಲ್ಲೇ ಕೂಡ್ತೀನಿ.”

ಹುಮನಾಬಾದ್ ಕಡೆಯ ಬಸ್ಸಿನಲ್ಲಿ ರಘೂತ್ತಮ ಎಸ್‌ಎಸ್‌ಡಿಯನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಮೇಲೆ ಅಂಗೈ ಒತ್ತಿ ಹಿಡಿದು ಕೂತ. ಕಂಡಕ್ಟರನ ಟಿಕೆಟ್ ಮಷಿನ್ ಹತ್ತಿರ ಬಂದರೆ ಎಲ್ಲಿ ಅಳಿಸಿಹೋಗುತ್ತದೋ ಎಂದು ಕೈ ಉದ್ದ ಚಾಚಿ ದೂರದಿಂದಲೇ ದುಡ್ಡು ಕೊಟ್ಟ. ಪಕ್ಕದವನು, “ಎದಿ ನೋಯ್ಲಿಕ್ಕತ್ತದೇನ್ರಿ? ಇಳದು ದವಾಖಾನಿಗೆ ಹೋಗ್ರಿ” ಎಂದು ಎರಡು ಸಲ ಬಸ್ ನಿಲ್ಲಿಸಹೊರಟಿದ್ದ.

ಕಮಲಾಪುರದಲ್ಲಿ ಇಳಿದು ಗೋಪಾಲರಾಯರ ಮನೆಯ ಓಣಿಗೆ ತಿರುಗುವಷ್ಟರಲ್ಲಿ ಅನಸೂಯಾಬಾಯಿಯೇ ಎದುರಿಗೆ ನಿಂತಿದ್ದಳು. ಬಾಗಿಲಲ್ಲಿ ಅಲ್ಲ, ಓಣಿಯ ಮೂಲೆಯಲ್ಲಿ, ತಲೆಯ ಮೇಲೆ ಸೆರಗು ಹೊದ್ದು. ಅವನ ಮೊಣಕೈ ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ, ಕೆಂಪು ಬಾಳೆಯ ಗಿಡಗಳ ನಡುವೆ ನಿಲ್ಲಿಸಿದಳು.

“ತಂದ್ಯೇನೋ?”

“ತಂದೀನಿ ಅಜ್ಜಿ.” ರಘೂತ್ತಮ ಹೆಮ್ಮೆಯಿಂದ ಜೇಬು ತಟ್ಟಿದ. “ಹೊಸಾ ಎಸ್‌ಎಸ್‌ಡಿ. ಬಿದ್ರೂ ಏನೂ ಆಗಂಗಿಲ್ಲ. ಒಳಗ ತಿರಗೂದೇ ಇಲ್ಲ. ಭಾರೀ ಗಟ್ಟಿ.”

ಅನಸೂಯಾಬಾಯಿಯ ಮುಖ ಬಾಡಿತು. “ಕೆಡಂಗೇ ಇಲ್ಲೇನೋ?”

“ಇಲ್ರಿ!”

“ನೀರಾಗ ಬಿದ್ರ?”

ರಘೂತ್ತಮನಿಗೆ ಏನೋ ಅನುಮಾನ ಬಂತು. ಆಕೆ ಆಚೀಚೆ ನೋಡಿ ದನಿ ತಗ್ಗಿಸಿದಳು.

“ಆ ಕಂಬದ ಬುಡಕ ನಾನೂ ನನ್ನ ತಂಗೀನೂ ಕೂತು ಎಲಿ ಹಾಕ್ಕೊಳ್ಳಿಕ್ಕತ್ತಿದ್ವಿ. ನಿನ್ನ ಕ್ಯಾಮೆರಾ ಚಾಲೂ ಅದ ಅಂತ ಯಾರಿಗೆ ಗೊತ್ತಿತ್ತು? ಬಾಯಿಗೆ ಬಂದದ್ದು ಮಾತಾಡಿಬಿಟ್ಟೀನೋ.”

“ಏನ್ ಮಾತಾಡೀರಿ?”

“ಬೀಗ್ರು ಹೋಳಿಗಿ ತಿನ್ನೂದು ನೋಡಿದ್ರ ಇನ್ನ ಚಾತುರ್ಮಾಸ ಮುಗಿಯೂತನಕ ಮನ್ಯಾಗ ಒಲಿ ಹಚ್ಚಂಗಿಲ್ಲೇನೋ ಅನ್ನಸ್ತದ ಅಂದೀನಿ.” ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಬೀಗಿತ್ತಿ ಉಟ್ಟ ಪತ್ತಲ ನೋಡಿ, ನಮ್ಮ ತಹಶೀಲ್ ಕಚೇರಿ ಕಿಡಕಿಗೆ ಹಾಕಿದ್ದ ಪಡದೆ ಕಳುವಾಗಿತ್ತಲ್ಲ, ಇವತ್ತ ಸಿಕ್ತು ಅಂದೀನಿ.”

“ಅಷ್ಟೇ ಹೌದಲ್ರಿ?”

“ಅಳಿಯಂದೂ ಒಂದು ಅದ. ಬಾಯಿ ತಗಿಯೂ ಮುಂದ ಅವ್ವನ ಮಾರಿ ನೋಡ್ತಾನ, ಬಟನ್ ಅಕಿ ಕೈಯಾಗೇ ಅದ ಅಂದೀನಿ.”

ರಘೂತ್ತಮ ನಗಬೇಕೋ ಅಳಬೇಕೋ ತಿಳಿಯದೆ ಬಾಳೆಎಲೆ ನೋಡಿದ. “ಅದೇ ಹೌದಲ್ರಿ ಅಜ್ಜಿ? ಅಷ್ಟೇ ತುಣುಕು ತಗದು ಬಿಡ್ತೀನಿ. ಒಂದು ಕಂಪ್ಯೂಟರ್ ಇದ್ರ...”

“ಹೆಂಗ ತಗೀತಿ? ನೀ ಫೋನಿನಾಗ ಒದರಿದ್ದು ಎಲ್ಲಾರೂ ಕೇಳ್ಯಾರ. ಆಗಿಂದ ಬೀಗಿತ್ತಿಗೆ ಅದೇ ಧ್ಯಾಸ. ಮೊದ್ಲ ಊಟದ್ದ ಹಾಕ್ರಿ, ನಮ್ಮ ಕಡೀವ್ರೆಲ್ಲಾ ಅಲ್ಲೇ ಇದ್ರು, ಮಾತು ಕೇಳೋಣು ಅಂತ ಒಂದ ಸಮ ಹಟ. ಅದೊಂದೇ ಇಲ್ಲಂದ್ರ ಅನುಮಾನ ಬರಂಗಿಲ್ಲೇನು? ಪೂರಾ ಹೋತು ಅಂದ್ರ ಮಾತ್ರ ಉಳಗಾಲ.”

“ಪೂರಾ ಹೋತು ಅಂತ... ಯಾರು ಹೇಳಬೇಕ್ರಿ?”

ಅನಸೂಯಾಬಾಯಿ ಅವನನ್ನೇ ನೋಡಿದಳು.

“ಅಜ್ಜಿ! ನನ್ನ ಕಸುಬು! ಮುಂಜಾನಿಂದ ಜೀವ ಕೈಯಾಗ ಹಿಡ್ಕೊಂಡು ಓಡ್ಯಾಡೀನಿ. ಹೋತು ಅನ್ನೂ ಒಂದು ಮಾತು ಹೇಳಬಾರ್ದು ಅಂತನೇ ಇದೆಲ್ಲಾ ಮಾಡೀನಿ.”

ಹಿತ್ತಲ ಬಾಗಿಲಲ್ಲಿ ಮೃದುಲಾ ಬಂದು ನಿಂತಿದ್ದಳು. ಕೈಯಲ್ಲಿ ಅನಾರಸದ ತಟ್ಟೆ, ಕಣ್ಣಂಚಿನಲ್ಲಿ ನೀರು. ಅಜ್ಜಿ ಮೊಮ್ಮಗಳಿಗೆ ಎಲ್ಲ ಹೇಳಿದ್ದಳೆಂದು ಕಾಣುತ್ತದೆ.

“ರಘೂಕಾಕಾ” ಎಂದಳು ಮೆಲ್ಲಗೆ. “ಅತ್ತಿ ಭಾಳ ಒಳ್ಳೆಯವ್ರಿದ್ದಾರ. ಪಡದೆ ಅಂದದ್ದು ಕೇಳಿದ್ರ ತಡಕೊಳ್ಳಂಗಿಲ್ರಿ. ಅದು ಅವ್ರ ತಾಯಿ ಪತ್ತಲ.”

ರಘೂತ್ತಮನಿಗೆ ಎಳನೀರಿನವನ ಮುಖ ಕಣ್ಣ ಮುಂದೆ ಬಂತು. ಮೃದುಲಾಳ ಮುಖವಂತೂ ಎದುರಿಗೇ ಇತ್ತು. ಕಡೆಗೆ ಜೇಬಿನ ಗುಂಡಿ ಹಾಕಿಕೊಂಡು, ತಲೆ ಬಗ್ಗಿಸಿ ಒಳಗೆ ನಡೆದ.

ನಡುಮನೆಯಲ್ಲಿ ಎಲ್ಲರೂ ಟಿವಿಯ ಮುಂದೆ ಆಗಲೇ ಜಾಗ ಹಿಡಿದಿದ್ದರು. ಮುಂದಿನ ಕುರ್ಚಿಯಲ್ಲಿ ಅಳಿಯನ ತಂದೆ ಸುಜಯೀಂದ್ರರಾಯರು, ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯವರು, ನಿವೃತ್ತ ಬ್ಯಾಂಕ್ ಅಧಿಕಾರಿ. ಪಕ್ಕದಲ್ಲಿ ಬೀಗಿತ್ತಿ. ರಘೂತ್ತಮನನ್ನು ಕಂಡ ಕೂಡಲೇ ಗೋಪಾಲರಾಯರು ಕಿಟಕಿ ಮುಚ್ಚಿ ಕತ್ತಲು ಮಾಡಲು ಎದ್ದರು.

“ಮುಚ್ಚಬ್ಯಾಡ್ರಿ” ಎಂದ ರಘೂತ್ತಮ. “ವಿಡಿಯೋ... ಹೋತ್ರಿ. ಡಿಸ್ಕ್ ಕೆಟ್ಟು ಎಲ್ಲಾ ಹೋತು.”

ಎಲ್ಲರೂ ಒಂದೇ ಸಲ ಶುರುಮಾಡಿದರು.

“ಈಗಿನ್ನೂ ಫೋನಿನಾಗ ಎಲ್ಲಾ ಅದ ಅಂದ್ರಲ್ರಿ!”

“ಅದಾದ ಮ್ಯಾಲೇ ಹೋತ್ರಿ.”

ಎಲ್ಲರಿಗಿಂತ ಜೋರಾಗಿ ಕೂಗಿದವಳು ಅನಸೂಯಾಬಾಯಿ. “ನನ್ನ ಮೊಮ್ಮಗಳ ಲಗ್ನ ನುಂಗಿದ್ಯಲ್ಲೋ! ನಿನ್ನ ಕೈಯಾಗ ಕೊಟ್ಟದ್ದ ನಮ್ಮ ತಪ್ಪು!” ಎಂದು ಹಣೆ ಬಡಿದುಕೊಂಡಳು. ಆಕೆ ಅಷ್ಟು ಚೆನ್ನಾಗಿ ಬಡಿದುಕೊಂಡದ್ದರಿಂದ ಬೀಗಿತ್ತಿಯೇ ಎದ್ದುಬಂದು ಸಮಾಧಾನ ಮಾಡಬೇಕಾಯಿತು. ಬೀಗಿತ್ತಿಯ ಹೆಗಲಿಗೆ ತಲೆಯಿಟ್ಟು ಅನಸೂಯಾಬಾಯಿ, “ನಿಮ್ಮ ಪತ್ತಲ ಎಷ್ಟು ಚಂದಿತ್ತು, ಅದನ್ನ ಇನ್ನೊಮ್ಮೆ ನೋಡೂದೂ ತಪ್ಪಿತಲ್ಲ” ಎಂದು ಅತ್ತಳು. ಮೃದುಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದಳು.

ಸುಜಯೀಂದ್ರರಾಯರು ಮಾತ್ರ ಕೂಗಲಿಲ್ಲ. ಎದ್ದು ಬಂದು, ತಪ್ಪು ಲೆಕ್ಕ ತಂದ ಗುಮಾಸ್ತನನ್ನು ನೋಡುವ ಹಾಗೆ ರಘೂತ್ತಮನನ್ನು ನೋಡಿದರು.

“ಯಾವ ಡಿಸ್ಕ್ ಇತ್ರಿ?”

“ಹಾರ್ಡ್ ಡಿಸ್ಕ್ ರೀ. ತಿರಗೂದು.”

“ಈ ಕಾಲದಾಗ! ಎಸ್‌ಎಸ್‌ಡಿ ಅಂತ ಒಂದು ಬಂದದ, ಕೇಳೀರೇನು?”

ಎಸ್‌ಎಸ್‌ಡಿ ರಘೂತ್ತಮನ ಎದೆಗೇ ಒತ್ತಿಕೊಂಡಿತ್ತು. “ಕೇಳೀನ್ರಿ” ಎಂದ.

“ಕೇಳಿದ್ರಾಗಂಗಿಲ್ಲ, ಕೊಳ್ಳಬೇಕು. ನಮ್ಮ ಮನ್ಯಾಗ ಹಾಡು ಕೇಳೂ ಕಂಪ್ಯೂಟರಿಗೂ ನಾ ಅದನ್ನೇ ಹಾಕ್ಸೀನಿ.” ಅಲ್ಲಿಂದ ಅವರು ಶುರುಮಾಡಿ, ಸಾಟಾ ಎಂದರೇನು, ಎನ್‌ವಿಎಂಇ ಎಂದರೇನು, ವಾರಂಟಿ ಹೇಗೆ ನೋಡಬೇಕು, ನಕಲಿ ಹೇಗೆ ಗುರುತಿಸಬೇಕು ಎಲ್ಲ ವಿವರಿಸಿದರು. ಅಳಿಯ ನಡುನಡುವೆ ತಾಯಿಯ ಮುಖ ನೋಡಿ ತಾನೂ ಒಂದೊಂದು ಮಾತು ಸೇರಿಸಿದ. ಗೋಪಾಲರಾಯರು, “ಬೋರ್ಡು ಮೊದ್ಲ ನೋಡ್ಕೋಬೇಕಂತಲ್ರಿ” ಎಂದರು. ರಘೂತ್ತಮ ನಿಂತಲ್ಲೇ ನಿಂತು ಎಲ್ಲದಕ್ಕೂ ಹೂಂ ಎಂದ. ಸುಜಯೀಂದ್ರರಾಯರು ಅವನ ನಂಬರನ್ನು ತಮ್ಮ ಫೋನಿಗೆ ಹಾಕಿಕೊಂಡು, “ಯಾವ ಕಂಪನೀದು ತಗೋಬೇಕು ಅಂತ ನಾ ಫೋನ್ ಮಾಡಿ ಹೇಳ್ತೀನಿ. ಆದ್ರ ನಮ್ಮ ಪೈಕಿ ಇನ್ನ ಯಾರೂ ನಿಮಗ ಲಗ್ನ ಕೊಡಂಗಿಲ್ಲ ಬಿಡ್ರಿ” ಎಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು.

ಹಿತ್ತಲ ಬಾಗಿಲಲ್ಲಿ ಅನಸೂಯಾಬಾಯಿ ಅವನ ಕೈಚೀಲಕ್ಕೆ ಅನಾರಸದ ಡಬ್ಬಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ತುರುಕಿದಳು. “ನೀ ದೇವರಂಥಾಂವ ಇದ್ದೀಯೋ. ಭಾಳ ಬೈದೆ, ಮನಸ್ಸಿಗೆ ಹಚ್ಕೋಬ್ಯಾಡ” ಎಂದು ಅವನ ಗದ್ದ ಮುಟ್ಟಿದಳು. ಈ ಸಲ ಆಕೆಯ ಕಣ್ಣಲ್ಲಿ ಬಂದದ್ದು ನಿಜವಾದ ನೀರು.

ಕಲಬುರಗಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ರಘೂತ್ತಮ ಒಂದು ಬಾಳೆಹಣ್ಣು ಸುಲಿದ. ಕಸುಬು ಹೋಯಿತು. ಇನ್ನು ಎಳನೀರೋ, ಇನ್ನೇನೋ. ಆದರೂ ಒಂದು ಹುಡುಗಿಯ ಸಂಸಾರ ಉಳಿಯಿತು ಎಂಬ ಸಮಾಧಾನ, ಹಣ್ಣಿನ ಸಿಹಿಯ ಜೊತೆ ಮೆಲ್ಲಗೆ ಒಳಗಿಳಿಯುತ್ತಿತ್ತು. ಅಷ್ಟರಲ್ಲಿ ಬುರ್ಹಾನುದ್ದೀನನ ಫೋನು ಬಂತು. ದನಿಯಲ್ಲಿ ಈದಿನ ಸಂಭ್ರಮ.

“ರಘುಭಾಯ್, ಖುಷ್ ಖಬರ್! ನಿಮ್ ಡಿಸ್ಕ್ ಆರಾಮ ಆಗ್ಯದ! ಆವಾಜ್ ಪೂರಾ ಬಂದ್. ನಡೀತದೋ ಇಲ್ಲೋ ಅಂತ ಒಂದು ಫೈಲ್ ಒತ್ತಿ ನೋಡ್ದೆ, ಬೆಣ್ಣಿ ಹಂಗ ನಡೀತು. ಊಟದ ಸೀನ್. ಒಬ್ಬಾಕಿ ಅಜ್ಜಿ ಇದ್ದಾಳ ಭಾಯ್ ಅದ್ರಾಗ, ಏನ್ ಜಬಾನ್ ಅಂತೀರಿ! ಪಡದೆ ಅಂತ, ಬಟನ್ ಅಂತ. ಓಣಿ ಮಂದಿ ಎಲ್ಲಾ ಕೂಡಿ ಹೊಟ್ಟಿ ಹಿಡ್ಕೊಂಡು ನಕ್ಕಾರ.”

“ಚಾಚಾ!” ರಘೂತ್ತಮ ಎದ್ದು ನಿಂತುಬಿಟ್ಟ. “ಬಂದ್ ಮಾಡ್ರಿ! ಈಗಿಂದೀಗ ಬಂದ್ ಮಾಡ್ರಿ!”

“ಅರೇ, ಕೇಳ್ರಿ ಮೊದ್ಲ. ಪ್ರೊಫೆಸರ್ ಸಾಬ್ ಅಂದ್ರು, ಈ ಡಿಸ್ಕಿಂದು ಭರೋಸಾ ಇಲ್ಲ, ಯಾವಾಗ ಹೋಗ್ತದೋ ಅಂತ. ನೀವು ಮುಂಜಾನಿಂದ ಎಷ್ಟು ತ್ರಾಸ ತಗೊಂಡೀರಿ, ನಂಗ ಜೀವ ತಡೀಲಿಲ್ಲ. ಅಜ್ಜಿ ಮಾತಾಡಿದ್ದಷ್ಟೂ ನನ್ ಮೊಬೈಲ್‌ನಾಗ ಹಿಡ್ದು, ಬಜಾರದ ಗ್ರೂಪಿಗೆ ಹಾಕೀನಿ. ಶೇರ್ವಾನಿ ಗಿರಾಕಿಗೋಳ್ ಗ್ರೂಪಿಗೂ ಹಾಕೀನಿ. ಐವಾನ್-ಎ-ಶಾಹಿಯವ್ರೊಬ್ರು ಆಗ್ಲೇ ಮುಂದ ಕಳಿಸ್ಯಾರ. ಇನ್ನ ಡಿಸ್ಕ್ ಇರ್ಲಿ, ಸಾಯ್ಲಿ ಭಾಯ್, ನಿಮ್ ಕಮಲಾಪುರದ ಲಗ್ನ ಎಂದೂ ಹೋಗಂಗಿಲ್ಲ!”

ರಘೂತ್ತಮನ ಫೋನು ಕಿವಿಯಲ್ಲೇ ಗುಂಯ್ ಎಂದಿತು. ತೆಗೆದು ನೋಡಿದರೆ ಇನ್ನೊಂದು ಕರೆ ಬರುತ್ತಿತ್ತು, ಕಮಲಾಪುರದಿಂದ, ಸುಜಯೀಂದ್ರರಾಯರದು.